ವಂಶ ವಿಂಗಡಣಾಧಿಕಾರಿ

ನನ್ನ ಕೆಲಸ ಏನು ಎಂದು ದಯವಿಟ್ಟು ಯಾರೂ ಕೇಳಬಾರದು. ಹೇಳಿ ಹೇಳಿ ನನಗೆ ದವಡೆ ನೋವು, ಕೇಳಿ ಕೇಳಿ ಅವರಿಗೆ ತಲೆನೋವು. ಕೊನೆಗೆ ಇಬ್ಬರೂ ಕಾಫಿ ಕುಡಿದು ಬೇರೆ ವಿಷಯಕ್ಕೆ ಹೋಗುತ್ತೇವೆ. ಆದರೆ ಈ ಸಲ ಹೇಳದೆ ವಿಧಿಯಿಲ್ಲ.

ಕೋಲಾರದ ಹೊರಗಿನ ಒಂದು ಸಂಶೋಧನಾ ಕೇಂದ್ರದಲ್ಲಿ ನಾನು ಹೊರಗುತ್ತಿಗೆಯ ಡೇಟಾ ಸಹಾಯಕ. ಶ್ರೀನಿವಾಸಪುರದ ಮಾವಿನ ಮರಗಳು ಒಂದು ವರ್ಷ ಕೊಂಬೆ ಮುರಿಯುವಷ್ಟು ಕಾಯಿ ಬಿಟ್ಟು ಮರುವರ್ಷ ಮುಷ್ಕರ ಹೂಡುತ್ತವಲ್ಲ, ಅದು ಯಾಕೆ ಎಂದು ನಮ್ಮ ಸೌಪರ್ಣಿಕಾ ಮೇಡಂ ಮರದ ವಂಶವಾಹಿಗಳನ್ನು, ಅಂದರೆ ಜೀನುಗಳನ್ನು, ಹಿಡಿದು ವಿಚಾರಣೆ ಮಾಡುತ್ತಿದ್ದಾರೆ. ಒಂದು ಮಾವಿನ ಮರದೊಳಗೆ ಮೂವತ್ತು ಸಾವಿರಕ್ಕೂ ಮಿಕ್ಕಿ ಜೀನುಗಳಂತೆ. ಅಷ್ಟನ್ನೂ ಒಂದೇ ಪಟ್ಟಿಯಲ್ಲಿ ನೋಡಿದರೆ ಮೇಡಂ ಕಣ್ಣೂ ಉಳಿಯುವುದಿಲ್ಲ, ಕಂಪ್ಯೂಟರೂ ಉಳಿಯುವುದಿಲ್ಲ. ಆದ್ದರಿಂದ ಹೂವಿಗೆ ಸಂಬಂಧಪಟ್ಟವನ್ನು ಒಂದು ಕಡೆ, ಚಿಗುರಿಗೆ ಸಂಬಂಧಪಟ್ಟವನ್ನು ಇನ್ನೊಂದು ಕಡೆ, ಯಾವುದಕ್ಕೂ ಸಂಬಂಧಪಡದೆ ಸುಮ್ಮನೆ ಕೂತವನ್ನು ಮತ್ತೊಂದು ಕಡೆ, ಹೀಗೆ ಸಾಫ್ಟ್‌ವೇರಿನಲ್ಲಿ ಉಪಪಟ್ಟಿ ಮಾಡಿ ಹೆಸರು ಕೊಟ್ಟು ಇಡಬೇಕು. ಅದು ನನ್ನ ಕೆಲಸ. ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಐದೂವರೆಯವರೆಗೆ ಚೌಕಗಳೊಳಗೆ ಟಿಕ್ ಹಾಕುತ್ತೇನೆ, ಟಿಕ್ ತೆಗೆಯುತ್ತೇನೆ. ಜೀನಿಗೂ ನನಗೂ ಅದಕ್ಕಿಂತ ಹೆಚ್ಚಿನ ಬಳಕೆಯಿಲ್ಲ.

ಅಮ್ಮನಿಗೆ ಇದರಿಂದ ಬಹಳ ಬೇಸರ. ನನಗೆ ಮೂವತ್ತೊಂಬತ್ತಾದರೂ ಮದುವೆಯಾಗಿಲ್ಲ. ಮುಳಬಾಗಿಲಿನ ನೆಂಟರು ಜಾತಕ ತಂದಾಗಲೆಲ್ಲ ಹುಡುಗ ಏನು ಮಾಡುತ್ತಾನೆ ಎಂದು ಕೇಳುತ್ತಾರೆ. ಒಮ್ಮೆ ಅಮ್ಮ, "ಮಾವಿನ ಮರಕ್ಕೆ ಟಿಕ್ ಹಾಕ್ತಾನೆ" ಎಂದುಬಿಟ್ಟಳು. ಬಂದವರು ಉಪ್ಪಿಟ್ಟನ್ನು ಅರ್ಧಕ್ಕೇ ಬಿಟ್ಟು ಬಸ್ಸಿಗೆ ಹೊತ್ತಾಯಿತು ಎಂದು ಎದ್ದರು.

"ಬಾಗಿಲಿಗೆ ಒಂದು ಬೋರ್ಡ್ ಹಾಕ್ಸೋ ಸುಬ್ಬು," ಎಂದಳು ಅಮ್ಮ. "ಬಂದೋರು ಓದ್ಕೊಂಡೇ ಒಳಗೆ ಬರ್ಲಿ. ನಂಗೆ ಹೇಳೋಕೆ ಆಗಲ್ಲ."

ಡೇಟಾ ಸಹಾಯಕ ಎಂದು ಬರೆಸಲು ಮನಸ್ಸಾಗಲಿಲ್ಲ. 'ಸುಬ್ರಹ್ಮಣ್ಯ, ವಂಶವಾಹಿ ವಿಂಗಡಣಾಧಿಕಾರಿ' ಎಂದು ಚೀಟಿ ಬರೆದು ಬೋರ್ಡ್ ಬರೆಯುವ ನರೇಶನಿಗೆ ಕೊಟ್ಟೆ. ಅಧಿಕಾರಿ ಎಂಬ ನಾಲ್ಕಕ್ಷರ ನನ್ನ ಸ್ವಂತ ಕೊಡುಗೆ. ಮೂರನೆಯ ದಿನ ಅವನು ತಂದ ಬೋರ್ಡಿನಲ್ಲಿ 'ಸುಬ್ರಹ್ಮಣ್ಯ, ವಂಶ ವಿಂಗಡಣಾಧಿಕಾರಿ' ಎಂದಿತ್ತು.

"ವಾಹಿ ಎಲ್ಲಪ್ಪಾ?"

"ಜಾಗ ಸಾಲ್ಲಿಲ್ಲ ಸಾರ್. ಏನಾದ್ರೂ ಒಂದು ಬಿಡ್ಲೇಬೇಕಿತ್ತು. ಅಧಿಕಾರಿ ಬಿಡೋಕಾಗುತ್ತಾ? ವಾಹಿ ಅಂದ್ರೆ ವಾಹನ ಕದಾ? ನಿಮ್ಮತ್ರ ಗಾಡಿ ಇಲ್ವಲ್ಲ, ಅದ್ಕೇ ಬಿಟ್ಟೆ."

ಇಷ್ಟು ಯೋಚನೆ ಮಾಡಿದವನೊಂದಿಗೆ ಜಗಳವಾಡುವುದು ಹೇಗೆ? ಬಾಗಿಲಿಗೆ ತಗಲಿಹಾಕಿದೆ.

ನಮ್ಮ ಕಡೆ ವಂಶ ಎಂಬ ಮಾತಿಗೆ ಎಂಥ ಬೆಲೆಯಿದೆ ಎಂಬುದನ್ನು ನಾನು ಮರೆತಿದ್ದೆ. ಅಪ್ಪ ತೀರಿಕೊಂಡ ಮೇಲೆ ಮನೆ ಜಮೀನು ಮಕ್ಕಳ ಹೆಸರಿಗಾಗಬೇಕಾದರೆ ನಾಡಕಚೇರಿಯಿಂದ ವಂಶವೃಕ್ಷದ ಕಾಗದ ತರಬೇಕು. ಮೇಲೆ ತಾತ, ಕೆಳಗೆ ಅಪ್ಪ, ಅವನ ಕೆಳಗೆ ಸಾಲಾಗಿ ಮಕ್ಕಳು. ಅದರಲ್ಲಿ ಹೆಸರಿದ್ದವರು ವಾರಸುದಾರರು. ಇಲ್ಲದವರು ತಾವು ಆ ಮನೆಯಲ್ಲೇ ಹುಟ್ಟಿದ್ದು ಎಂಬುದಕ್ಕೆ ಸಾಕ್ಷಿ ಹುಡುಕುತ್ತಾ ಕೋರ್ಟು ಸುತ್ತಬೇಕು. ಅಂಥ ಊರಿನಲ್ಲಿ ನಾನು ವಂಶ ವಿಂಗಡಿಸುವ ಅಧಿಕಾರಿ ಎಂದು ಬರೆದುಕೊಂಡು ಕೂತಿದ್ದೆ.

ಮೊದಲು ಬಂದವರು ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಶ್ರೀರಾಮಪ್ಪನವರು. ಅವರ ಮುತ್ತಾತನ ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿದೆಯಂತೆ.

"ಇಷ್ಟು ವರ್ಷ ಗೋಡೆ ಪಕ್ಕದಲ್ಲೇ ಇದ್ದು ಹೇಳ್ಲೇ ಇಲ್ವಲ್ಲ ಸ್ವಾಮಿ!"

"ಮೇಷ್ಟ್ರೇ, ನಾನು ನೋಡೋದು ಮನುಷ್ಯರದ್ದಲ್ಲ. ಮಾವಿನ ಮರದ್ದು."

"ಅದನ್ನೇ ಹೇಳ್ತಿರೋದು. ಮರ ಅಂದ್ರೇನು? ವೃಕ್ಷ. ಬೋರ್ಡಲ್ಲಿ ಏನಿದೆ? ವಂಶ. ಎರಡೂ ಸೇರಿಸಿ ಓದಿ ನೋಡೋಣ." ಮೂವತ್ತಾರು ವರ್ಷ ಕನ್ನಡ ಪಾಠ ಹೇಳಿದವರು ಸಮಾಸ ಮಾಡಿದರೆ ಬಿಡಿಸುವವರು ಯಾರು?

ಆಮೇಲೆ ಬಂದವರ ಲೆಕ್ಕ ಬಿಟ್ಟೆ. ಎರಡನೇ ಹೆಂಡತಿಯ ಮಕ್ಕಳನ್ನು ಸೇರಿಸಬೇಕೆಂದವರು, ಮೊದಲನೆಯವಳ ಮಕ್ಕಳನ್ನು ಬಿಡಬೇಕೆಂದವರು, ದತ್ತು ಹೋದವನು, ದತ್ತು ಬಂದವನು, ಇಬ್ಬರು ಒಟ್ಟಿಗೇ ಬಂದು ನಮ್ಮ ಜಗುಲಿಯ ಮೇಲೇ ಕೈಕೈ ಮಿಲಾಯಿಸಿದವರು. ನಾನು ಅಲ್ಲ ಅಲ್ಲ ಎಂದಷ್ಟೂ ನನ್ನ ಮರ್ಯಾದೆ ಹೆಚ್ಚಿತು. ಒಪ್ಪಿಕೊಳ್ಳದ ಅಧಿಕಾರಿ ಬಹಳ ಪ್ರಾಮಾಣಿಕನಿರಬೇಕು ಎಂದು ಬೀದಿಯಲ್ಲಿ ಮಾತಾಯಿತು. ಬೋರ್ಡ್ ಕಿತ್ತುಹಾಕೋಣವೆಂದರೆ ಅಮ್ಮ ಬಿಡಲೊಲ್ಲಳು. ಬಂದವರಿಗೆಲ್ಲ ಕಾಫಿ ಕೊಟ್ಟು, ಗೋತ್ರ ಕೇಳಿ, ನಿಟ್ಟುಸಿರಿಟ್ಟು ಲೋಟ ತೊಳೆಯುತ್ತಿದ್ದಳು.

ಒಂದು ಭಾನುವಾರ ಶ್ರೀನಿವಾಸಪುರದ ಕಡೆಯ ಹಳ್ಳಿಯಿಂದ ಕದಿರೇಶ ಎಂಬುವನು ಒಂದು ಬುಟ್ಟಿ ಹಣ್ಣು ಹೊತ್ತು ಬಂದ.

"ಸಾ, ನಾವು ಮೂರು ಜನ ಅಣ್ಣತಮ್ಮಂದಿರು. ಅಪ್ಪ ಹೋಗಿ ಎಂಟು ತಿಂಗ್ಳಾಯ್ತು. ಎರಡೆಕರೆ ಮಾವಿನ ತೋಪೈತೆ. ವಂಶದಾಗೆ ಮೂರೇ ಹೆಸ್ರು ಬರಂಗೆ ನೋಡ್ಕಳಿ."

"ನಾಲ್ಕನೇದು ಇದೆಯಾ?" ಎಂದು ಬಾಯಿತಪ್ಪಿ ಕೇಳಿದೆ. ಕೇಳಬಾರದಿತ್ತು. ಕೇಳಿದೊಡನೆ ನಾನು ಅಧಿಕಾರಿಯೇ ಎಂದು ಅವನಿಗೆ ಖಾತ್ರಿಯಾಯಿತು.

"ಅಕ್ಕ ಒಬ್ಳವ್ಳೆ, ಆದಿಲಕ್ಷ್ಮಿ ಅಂತ. ಮದ್ವೆ ಮಾಡಿ ಕಳ್ಸಾಯ್ತಲ್ಲ ಸಾ. ಆಯಮ್ಮ ಈಗ ಬೇರೆ ಲಿಸ್ಟು."

"ನೋಡಪ್ಪ, ನಾನು ಮಾಡೋದು ಮಾವಿನ ಮರದ ಲಿಸ್ಟು."

"ನಮ್ದೂ ಮಾವಿನ ಮರಾನೇ ಕದಾ ಸಾ! ಎಂಬತ್ತು ಮರ!"

"ನಿಮ್ಮ ಮರದ್ದಲ್ಲ, ಮರದೊಳಗಿನ ವಂಶದ್ದು."

"ಅದೇ, ಮರದ ಒಳಗೆ ನಮ್ಮ ವಂಶ ಇರೋದು. ಸರ್ಲೆ, ನಾನು ಬರ್ತೀನಿ." ಬುಟ್ಟಿ ವಾಪಸು ಕೊಡಹೋದರೆ ದಾರಿಯಲ್ಲಿ ಹಣ್ಣು ಕೆಡುತ್ತವೆ ಎಂದು ಬಿಟ್ಟೇ ಹೋದ.

ಮರುದಿನ ಬೆಳಿಗ್ಗೆ ನಾನು ಬಸ್ಸಿಗೆ ಹೊರಟಾಗ ಮೆಟ್ಟಿಲ ಹತ್ತಿರ ಒಬ್ಬ ಹೆಂಗಸು ನಿಂತು ಬೋರ್ಡನ್ನು ಅಕ್ಷರ ಅಕ್ಷರವಾಗಿ ಓದುತ್ತಿದ್ದಳು. ಸುಮಾರು ನಲವತ್ತೈದರ ವಯಸ್ಸು, ಉಗುರಿನ ಸಂದಿಯಲ್ಲಿ ಟೊಮೇಟೊ ಕಲೆ.

"ಸಾರ್, ನೀವು ಏನನ್ನ ವಿಂಗಡಣೆ ಮಾಡ್ತೀರಾ?"

ನಾನು ಬೆರಗಾದೆ. ಹದಿನೈದು ದಿನದಲ್ಲಿ ಬಂದವರೆಲ್ಲ ನನ್ನ ಕೆಲಸ ಏನೆಂದು ನನಗೇ ಹೇಳಿದ್ದರೇ ಹೊರತು ಕೇಳಿದವರು ಒಬ್ಬರೂ ಇರಲಿಲ್ಲ. ಹೇಳಿದೆ. ಜೀನು, ಪಟ್ಟಿ, ಉಪಪಟ್ಟಿ, ಟಿಕ್ಕು, ಎಲ್ಲ. ಆಕೆ ತಲೆಯಾಡಿಸುತ್ತಾ ಕೇಳಿದಳು.

"ಅಂದ್ರೆ ಗ್ರೇಡಿಂಗು. ನಾನೂ ಕೋಲಾರದ ಮಂಡೀಲಿ ಟೊಮೇಟೊ ಅದೇ ಮಾಡೋದು. ದಪ್ಪಂದು ಒಂದು ಬಾಕ್ಸು, ಗೋಲಿ ಸೈಜು ಒಂದು ಬಾಕ್ಸು, ದೋರೆಗಾಯಿ ಒಂದು ಕಡೆ."

ಎರಡು ವರ್ಷದಿಂದ ಅಮ್ಮನಿಗೆ ಅರ್ಥವಾಗದ್ದು, ನೆಂಟರಿಗೆ ಅರ್ಥವಾಗದ್ದು, ನಿಜ ಹೇಳಬೇಕೆಂದರೆ ನನಗೂ ಪೂರ್ತಿ ಅರ್ಥವಾಗದ್ದು, ಈಕೆಗೆ ಎರಡು ನಿಮಿಷದಲ್ಲಿ ಅರ್ಥವಾಯಿತು. ನನಗೆ ಅಲ್ಲೇ ಕೂತು ಅಳಬೇಕೆನಿಸಿತು.

"ಹಂಗಾದ್ರೆ ನಮ್ಮ ವಂಶದ ಕಾಗದ ನಿಮ್ಮತ್ರ ಇಲ್ಲ," ಎಂದಳು.

"ಇಲ್ಲಮ್ಮ. ನೀವು?"

"ಆದಿಲಕ್ಷ್ಮಿ. ನಿನ್ನೆ ಬಂದಿದ್ನಲ್ಲ ಕದಿರೇಶ, ಅವ್ನ ಅಕ್ಕ. ನಿಮ್ಮತ್ರ ಹೇಳಿ ನನ್ನ ಹೆಸ್ರು ಕಿತ್ತಾಕ್ಸಿದ್ದೀನಿ ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತಾವ್ನೆ. ಸುಳ್ಳು ಯಾಕೆ ಹೇಳ್ಲಿ ಸಾರ್, ನಂಗೆ ತೋಪಲ್ಲಿ ಪಾಲು ಬೇಕು. ಇಪ್ಪತ್ತು ಮರ. ಅಪ್ಪ ಗಿಡ ನೆಟ್ಟಾಗ ಬಿಂದಿಗೇಲಿ ನೀರು ಹೊತ್ತೋಳು ನಾನು. ಅವನಾಗ ತೊಟ್ಟಿಲಲ್ಲಿದ್ದ. ಈ ಶುಕ್ರವಾರ ಕಾಗದ ಕಂಪ್ಯೂಟರಿಗೆ ಏರ್ಸ್ತಾರಂತೆ. ಮೂರೇ ಹೆಸ್ರು ಹೋದ್ರೆ ನನ್ನ ಕತೆ ಮುಗೀತು. ಕೋರ್ಟು ಸುತ್ತೋಕೆ ಮಂಡೀಲಿ ನಂಗೆ ರಜ ಯಾರು ಕೊಡ್ತಾರೆ?"

"ನಿಮ್ಮೂರಿನ ಗ್ರಾಮ ಆಡಳಿತಾಧಿಕಾರೀನ ನೋಡ್ಬೇಕಿತ್ತು."

"ಚನ್ನರಾಯಪ್ಪನೋರ್ನಾ? ನೋಡ್ದೆ. ಅವ್ರು ನಿಮ್ಮನ್ನ ನೋಡು ಅಂದ್ರು."

ಬುಧವಾರ ಸಂಜೆ ಆ ಚನ್ನರಾಯಪ್ಪನವರೇ ಬಂದರು. ಕಂಕುಳಲ್ಲಿ ಕೆಂಪು ಬಟ್ಟೆಯ ಗಂಟು. ಬಾಗಿಲಲ್ಲೇ ಚಪ್ಪಲಿ ಬಿಟ್ಟು ನನಗೆ ಕೈ ಮುಗಿದರು. ಗಂಟನ್ನು ನಮ್ಮ ಟೀಪಾಯಿಯ ಮೇಲೆ ಇಟ್ಟರು.

"ಇಪ್ಪತ್ತೊಂದು ವಂಶ ಪೆಂಡಿಂಗ್ ಇವೆ ಸಾರ್. ತಗೊಂಡಿದ್ದಕ್ಕೆ ಒಂದು ಸಹಿ ಹಾಕಿ."

"ಯಾಕೆ?"

"ಈ ಕೆಲಸ ನಿಮ್ಮ ಹೊಸ ಸಾಫ್ಟ್‌ವೇರಿಗೆ ಹೋಯ್ತಂತಲ್ಲ. ನಮಗೆ ಆದೇಶ ಬಂದಿಲ್ಲ. ನಮಗೆ ಆದೇಶ ಯಾವತ್ತೂ ಕೊನೇಲೇ ಬರೋದು."

ಅಧಿಕಾರ ಕೈತಪ್ಪಿತೆಂಬ ಸಿಟ್ಟು ಅವರ ಮುಖದಲ್ಲಿ ಎಳ್ಳಷ್ಟೂ ಇರಲಿಲ್ಲ. ಮೂರು ಮಹಡಿ ಅಕ್ಕಿಮೂಟೆ ಹೊತ್ತು ಇಳಿಸಿದವನ ನೆಮ್ಮದಿಯಿತ್ತು. ನಾನು ಮಾವಿನ ಮರದ ಕಥೆ ಮೊದಲಿನಿಂದ ಹೇಳಿದೆ. ಹೇಳುತ್ತಾ ಹೋದಂತೆ ಆ ನೆಮ್ಮದಿ ಇಳಿಯುತ್ತಾ ಬಂತು.

"ಹಂಗನ್ಬೇಡಿ ಸಾರ್," ಎಂದರು, ಅಳುವ ದನಿಯಲ್ಲಿ. "ಒಂದಾದ್ರೂ ತಗೊಳ್ಳಿ. ಈ ಕದಿರೇಶಂದು ತಗೊಳ್ಳಿ. ಮೂರು ಜನಾನೂ ದಿನಾ ಬೆಳಿಗ್ಗೆ ನಮ್ಮನೆ ಮುಂದೆ ಕೂರ್ತಾರೆ. ನಮ್ಮನೆಯವಳು ಹಾಲು ತರೋಕೂ ಹಿತ್ತಲ ಬಾಗಿಲಿಂದ ಹೋಗೋಹಂಗಾಗಿದೆ."

ಎರಡು ಲೋಟ ಕಾಫಿ ಕುಡಿದು ಗಂಟು ಹೊತ್ತುಕೊಂಡು ಎದ್ದರು. ಅಮ್ಮ ಬಾಗಿಲವರೆಗೆ ಹೋಗಿ, "ಮನೇಲಿ ಹಾಗೇ ಹೇಳ್ತಾನೆ. ಶುಕ್ರವಾರ ಆಫೀಸಿಗೇ ಹೋಗಿ, ಕಂಪ್ಯೂಟರ್ ಅಲ್ಲೇ ಇರೋದು" ಎಂದಳು. ನಾನು ಒಳಗೆ ಹೋಗಿ ಮಲಗಿಬಿಟ್ಟೆ.

ಶುಕ್ರವಾರ ಮೇಡಂಗೆ ಹೂವಿನ ಜೀನುಗಳ ಉಪಪಟ್ಟಿ ಮಧ್ಯಾಹ್ನದೊಳಗೆ ಬೇಕಿತ್ತು. ನಾನು ಟಿಕ್ ಹಾಕುತ್ತಾ ಕೂತಿದ್ದಾಗ ಗೇಟಿನ ಭೀಮರಾಜ್ ಓಡಿಬಂದ. "ಸಾರ್, ವಂಶದೋರು ಬಂದವ್ರೆ" ಎಂದ. ಅವನ ಹಿಂದೆಯೇ ಕದಿರೇಶ, ಅವನ ಇಬ್ಬರು ತಮ್ಮಂದಿರು, ಫೈಲು ಹಿಡಿದ ಚನ್ನರಾಯಪ್ಪ, ಎಲ್ಲರಿಗಿಂತ ಹಿಂದೆ ಆದಿಲಕ್ಷ್ಮಿ. ಹೊರಗೆ ಕಳಿಸೋಣವೆಂದು ಎದ್ದೆ. ಅಷ್ಟರಲ್ಲಿ ಕದಿರೇಶನ ಕಣ್ಣು ನನ್ನ ಪರದೆಯ ಮೇಲೆ ಬಿದ್ದಿತು.

ಈಗ ಒಂದು ವಿಷಯ ಹೇಳಬೇಕು. ನಮ್ಮ ಸಾಫ್ಟ್‌ವೇರು ಒಂದೇ ಥರದ ಜೀನುಗಳನ್ನು ಹತ್ತಿರ ಹತ್ತಿರ ಕೂರಿಸಿ, ಗೆರೆ ಎಳೆದು, ಕವಲು ಕವಲಾಗಿ ಚಿತ್ರ ಬರೆಯುತ್ತದೆ. ಮೇಲೆ ಒಂದು ಗೆರೆ, ಅದರ ಕೆಳಗೆ ಎರಡು, ಅವುಗಳ ಕೆಳಗೆ ನಾಲ್ಕು.

"ನೋಡ್ರೋ! ವಂಶವೃಕ್ಷ!" ಎಂದು ಕದಿರೇಶ ಕೂಗಿದ. "ಇಲ್ಲ ಇಲ್ಲ ಅಂತಿದ್ರಲ್ಲ ಸಾ! ಇದೇನು ಮತ್ತೆ?"

ನಾನೂ ತಿರುಗಿ ಪರದೆ ನೋಡಿದೆ. ಅದು ನಾಡಕಚೇರಿಯ ಕಾಗದದಂತೆಯೇ ಇತ್ತು.

"ಇದ್ರಾಗೆ ನಮ್ಮನೆ ಯಾವ್ದು?"

ಮೂರು ವಾರ ಅಲ್ಲ ಅಲ್ಲ ಎಂದು ನನಗೆ ಸಾಕುಸಾಕಾಗಿತ್ತು. ನಾಲ್ಕು ಹೆಸರಿದ್ದ ಒಂದು ಕವಲಿನ ಮೇಲೆ ಬೆರಳಿಟ್ಟು, "ಇದೇ ಅಂತ ಇಟ್ಕೋಪ್ಪ" ಎಂದೆ.

"ನಾಲ್ಕೈತೆ. ಒಂದು ತೆಗೀರಿ ಮತ್ತೆ."

ತೆಗೆದರೆ ಹೋಗುತ್ತಾನಲ್ಲ ಎಂದು ಕೆಳಗಿನದರ ಟಿಕ್ ತೆಗೆದೆ. ಬಲಗಡೆಯ ಉಪಪಟ್ಟಿಯಲ್ಲಿ ಮೂರು ಉಳಿದವು. ತಮ್ಮಂದಿರು ಚಪ್ಪಾಳೆ ತಟ್ಟಿದರು. ಬಾಗಿಲಲ್ಲಿ ನಿಂತಿದ್ದ ಆದಿಲಕ್ಷ್ಮಿಗೆ ಅದು ಮಾವಿನದೆಂದು ಚೆನ್ನಾಗಿ ಗೊತ್ತಿತ್ತು. ಆದರೂ ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಚನ್ನರಾಯಪ್ಪ ಫೈಲು ಬಿಚ್ಚಿ ಪೆನ್ನು ತೆಗೆದರು. ಇವರು ನಿಜವಾಗಿಯೂ ಮೂರೇ ಹೆಸರು ಬರೆದುಕೊಳ್ಳುತ್ತಾರೆಂದು ನನಗೆ ಆಗ ಹೊಳೆಯಿತು.

ಗಲಾಟೆ ಕೇಳಿ ಸೌಪರ್ಣಿಕಾ ಮೇಡಂ ಬಂದರು. ಅವರ ಕಣ್ಣಿಗೆ ಜನ ಬೀಳಲಿಲ್ಲ, ಪರದೆ ಬಿತ್ತು.

"ಸುಬ್ರಹ್ಮಣ್ಯ, ಆ ನಾಲ್ಕನೇದನ್ನ ಯಾಕೆ ತೆಗೆದ್ರಿ? ಅದು ಅದೇ ಕುಟುಂಬದ್ದು."

ಕುಟುಂಬ ಎಂಬ ಮಾತಿಗೆ ಎಲ್ಲರೂ ಪರದೆಯತ್ತ ಬಗ್ಗಿದರು.

"ಇವ್ರು ಹೇಳಿದ್ರು ಮೇಡಂ," ಎಂದು ಕದಿರೇಶನನ್ನು ತೋರಿಸಿದೆ. ಅಧಿಕಾರಿ ಹೇಳುವ ಮಾತಲ್ಲ, ಒಪ್ಪುತ್ತೇನೆ.

"ಪರ್ವಾಗಿಲ್ಲ ಬಿಡಿ. ಉಪಪಟ್ಟಿಯಿಂದ ತಾನೇ ಹೋಗಿದ್ದು? ಮೂಲ ಪಟ್ಟೀಲಿ ಇದ್ದೇ ಇರುತ್ತೆ." ಅವರು ಒಂದು ಗುಂಡಿ ಒತ್ತಿದರು. ನಾಲ್ಕೂ ಹೆಸರು ಕಾಣಿಸಿದವು.

"ಅಲ್ಲೂ ತೆಗೀರಿ ಮೇಡಂ," ಎಂದ ಕದಿರೇಶ.

"ಅಲ್ಲಿ ತೆಗೆಯೋಕಾಗಲ್ಲ. ಮರದಲ್ಲಿ ಇರೋದನ್ನ ಇಲ್ಲ ಅನ್ನೋಕಾಗುತ್ತೇನ್ರಿ? ಬೇಡ ಅಂದ್ರೆ ನಿಮ್ಮ ಕಣ್ಣಿಗೆ ಕಾಣದ ಹಾಗೆ ಮಾಡ್ಕೋಬಹುದು ಅಷ್ಟೆ."

"ಯಾರು ಹೇಳಿದ್ರೂನಾ?" ಎಂದ ಕದಿರೇಶ.

"ಯಾರು ಹೇಳಿದ್ರೂ. ಸಾಫ್ಟ್‌ವೇರ್ ತಗೊಳ್ಳಲ್ಲ."

ಚನ್ನರಾಯಪ್ಪನವರು ನೆಟ್ಟಗೆ ನಿಂತರು. ಹತ್ತು ವರ್ಷ ಚಿಕ್ಕವರಾದಂತೆ ಕಂಡರು. "ಕೇಳುಸ್ತಾ ಕದಿರೇಶ? ಸಾಫ್ಟ್‌ವೇರ್ ತಗೊಳ್ಳಲ್ವಂತೆ!"

ಅಕ್ಕನ ಜೊತೆ, ಪೊಲೀಸಿನವರ ಜೊತೆ, ತಹಶೀಲ್ದಾರರ ಜೊತೆ ಬೇಕಾದರೂ ಜಗಳವಾಡಲು ತಯಾರಾಗಿ ಬಂದಿದ್ದ ಕದಿರೇಶ ಈ ಮಾತಿಗೆ ಕುಗ್ಗಿಹೋದ. ನಮ್ಮ ಜಿಲ್ಲೆಯಲ್ಲಿ ಈ ಮಾತಿನ ಎದುರು ಯಾರೂ ಗೆದ್ದಿಲ್ಲ. ರೇಷನ್ನಿಗೆ ಹೋದವರು, ಪಿಂಚಣಿಗೆ ಹೋದವರು, ಪಹಣಿಗೆ ಹೋದವರು ಎಲ್ಲರೂ ಇದನ್ನು ಕೇಳಿಯೇ ಮನೆಗೆ ಬಂದವರು. ಅವನು ತಮ್ಮಂದಿರ ಮುಖ ನೋಡಿದ, "ಸರ್ಲೆ, ನಡೀರ್ಲಾ" ಎಂದ.

ಹೊರಗೆ ಹೋಗುವಾಗ ಚನ್ನರಾಯಪ್ಪ ನನ್ನ ಕಿವಿಯ ಹತ್ತಿರ ಬಂದರು. "ಕಾನೂನು ನಂಗೂ ಗೊತ್ತು ಸಾರ್. ಮಗಳನ್ನ ಬಿಡೋಕಾಗಲ್ಲ ಅಂತ ನೂರು ಸಲ ಹೇಳಿದ್ದೀನಿ. ನಾನು ಹೇಳಿದ್ರೆ ದುಡ್ಡಿಗೆ ಹೇಳ್ತಾನೆ ಅಂತಾರೆ. ಮಿಷಿನ್ ಹೇಳಿದ್ರೆ ಸುಮ್ನಾಗ್ತಾರೆ." ಅಂದು ಸಂಜೆ ನಾಲ್ಕು ಹೆಸರಿನ ಕಾಗದ ಕಂಪ್ಯೂಟರಿಗೆ ಏರಿತು.

ಭಾನುವಾರ ಆದಿಲಕ್ಷ್ಮಿ ಮನೆಗೆ ಬಂದಳು. ತಾನೇ ಆರಿಸಿದ ಟೊಮೇಟೊ ಒಂದು ಚೀಲ ತಂದಿದ್ದಳು, ಒಂದೂ ಹೆಚ್ಚುಕಡಿಮೆಯಿಲ್ಲದ ಸೈಜು. ಅಮ್ಮ ಕಾಫಿ ಕೊಟ್ಟು ಎದುರು ಕೂತಳು.

"ನಿಮ್ಗೆ ಇವ್ರೊಬ್ರೇ ಮಗಾನಾ ಅಮ್ಮ?"

"ಮಗಳೂ ಇದ್ದಾಳೆ, ಪ್ರಿಯಂವದಾ ಅಂತ. ಮಾಲೂರಿಗೆ ಕೊಟ್ಟಿದ್ದೀವಿ."

"ಕಾಗದದಾಗೆ ಹೆಸ್ರೈತಲ್ಲ?"

ಆಕೆ ಚುಚ್ಚಲು ಕೇಳಲಿಲ್ಲ. ಮನೆಯಲ್ಲಿ ಎಲ್ಲರೂ ಕ್ಷೇಮವೇ ಎಂದು ಕೇಳುತ್ತೇವಲ್ಲ, ಹಾಗೆ ಕೇಳಿದಳು. ಅಮ್ಮ ನನ್ನನ್ನು ನೋಡಿದಳು. ನಾನು ಟೊಮೇಟೊ ನೋಡಿದೆ.

ಆರು ವರ್ಷದ ಹಿಂದೆ ಅಪ್ಪ ಹೋದಾಗ ಮುಳಬಾಗಿಲಿನ ಮನೆಯನ್ನು ನನ್ನ ಹೆಸರಿಗೆ ಮಾಡಿಸಬೇಕಿತ್ತು. ಅರ್ಜಿ ಬರೆಯುವವನು, "ತಂಗಿ ಹೆಸ್ರು ಹಾಕಿದ್ರೆ ಅವ್ರೂ ಬರ್ಬೇಕು, ಸಹಿ ಮಾಡ್ಬೇಕು, ಓಡಾಟ ಜಾಸ್ತಿ" ಎಂದ. ನನಗೆ ಓಡಾಟವೆಂದರೆ ಆಗದು. ಹಾಗಾದರೆ ಬಿಟ್ಟುಬಿಡಿ ಎಂದೆ. ಅಮ್ಮ ಆಗ ಪಕ್ಕದಲ್ಲೇ ಇದ್ದಳು. ಈಗ ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ನನಗೆ ಬಹಳ ನಾಚಿಕೆಯಾಯಿತು.

ಸೋಮವಾರ ರಜೆ ಹಾಕಿ ಮುಳಬಾಗಿಲಿನ ಬಸ್ಸು ಹತ್ತಿದೆ. ಕಚೇರಿಯ ಕಿಟಕಿಯೊಳಗಿನ ಹುಡುಗಿ ಅರ್ಜಿ ನೋಡಿ, "ಸೇರಿಸ್ಬಹುದು ಸಾರ್. ಅವ್ರ ಮೊಬೈಲಿಗೆ ಒಟಿಪಿ ಹೋಗಿದೆ, ಕೇಳಿ ಹೇಳಿ" ಎಂದಳು. ಫೋನು ಮಾಡಿದೆ.

"ಪ್ರಿಯಾ, ಒಂದು ಒಟಿಪಿ ಬಂದಿರುತ್ತೆ, ಹೇಳು."

"ಯಾರಿಗೂ ಹೇಳ್ಬೇಡಿ ಅಂತ ಅದ್ರಲ್ಲೇ ಬರ್ದಿದೆ ಕಣೋ. ನೀನು ನಮ್ಮಣ್ಣನೇ ಅಂತ ಏನು ಗ್ಯಾರಂಟಿ? ಅಜ್ಜಿ ಹೆಸ್ರು ಹೇಳು ನೋಡೋಣ."

ಹೇಳಿದೆ. ಅವಳು ನಕ್ಕಳು.

"ಸರಿ, ಯಾವ್ದಕ್ಕಿದು?"

"ನಿನ್ನ ಹೆಸ್ರು ಸೇರಿಸೋಕೆ."

"ಎಲ್ಲಿಗೆ?"

"ನಮ್ಮನೆ ವಂಶವೃಕ್ಷಕ್ಕೆ. ಅಪ್ಪನ ಹೆಸ್ರ ಕೆಳಗೆ."

ಆ ಕಡೆ ಏನೋ ಒಗ್ಗರಣೆಯ ಸದ್ದಿತ್ತು. ಒಲೆ ಆರಿಸಿದಳೆಂದು ಕಾಣುತ್ತದೆ, ಅದೂ ನಿಂತಿತು.

"ಬೇಗ ಸಾರ್, ಟೈಮಾಗುತ್ತೆ," ಎಂದಳು ಕಿಟಕಿಯ ಹುಡುಗಿ.

"ಇಷ್ಟು ವರ್ಷ ಇರ್ಲಿಲ್ವೇನೋ?" ಎಂದಳು ಪ್ರಿಯಂವದಾ. "ನಾನು ಅದ್ರಲ್ಲಿ ಇದ್ದೀನಿ ಅಂತ್ಲೇ ಅಂದ್ಕೊಂಡಿದ್ನಲ್ಲೋ ಅಣ್ಣ."

ಆಮೇಲೆ ಒಂದೊಂದೇ ಅಂಕೆ ಹೇಳತೊಡಗಿದಳು. ನಾಲ್ಕನೆಯದನ್ನು ಹೇಳುವಾಗ ಮೂಗು ಸೇದಿಕೊಂಡಳು. ಅದು ಎಂಟೋ ಒಂಬತ್ತೋ ನನಗೆ ತಿಳಿಯಲಿಲ್ಲ. ಇನ್ನೊಂದು ಸಲ ಹೇಳು ಎಂದು ಕೇಳುವ ಮುಖ ನನಗಿರಲಿಲ್ಲ.